ಕಣಕ್ಕೆ ಕಂಬಿ ಹಾಕಿಸ್ತಿದ್ದೀರಾ? ಅದು ಎಲ್ಲಿ ಕೂತಿದೆ ನೋಡಿಕೊಳ್ಳಿ

ಹೋದ ವರ್ಷ ಬೇಸಿಗೆಯಲ್ಲಿ ತಿಪಟೂರು ಕಡೆಯ ನಮ್ಮ ತೋಟದ ಮನೆ ಮುಂದೆ ಕಾಂಕ್ರೀಟ್ ಕಣ ಮಾಡಿಸಿದೆ. 40ಕ್ಕೆ 30 ಅಡಿ, 5 ಇಂಚು ದಪ್ಪ, 8 ಎಂಎಂ ಕಂಬಿ. ಕಂಬಿ ಇದ್ದ ಮೇಲೆ ಬಿರುಕು ಎಲ್ಲಿಂದ ಬರುತ್ತೆ ಅಂದುಕೊಂಡಿದ್ದೆ. ಎರಡೇ ತಿಂಗಳಲ್ಲಿ ಬಂತು. ನಟ್ಟನಡುವೆ ಅಡ್ಡಕ್ಕೆ ಒಂದು, ನೀರಿನ ತೊಟ್ಟಿಯ ಮೂಲೆಯಿಂದ ಓರೆಯಾಗಿ ಇನ್ನೊಂದು. ಒಣಗಿಸಿದ ರಾಗಿ ಸಂದಿಗೆ ಬಿದ್ದು, ಈ ಸಲದ ಮೊದಲ ಮಳೆಗೆ ಪೈರು ಬಂತು. ಕೂರಿಗೆಯಲ್ಲಿ ಬಿತ್ತಿದ ಹಾಗೆ ಸಾಲಾಗಿ!

ಒಂದು ಕಡೆ ಉಳಿ ಹಾಕಿ ಒಡೆಸಿ ನೋಡಿದೆ. ಕಂಬಿ ತಳದಲ್ಲಿ ಮಣ್ಣಿಗೆ ಅಂಟಿಕೊಂಡು ಮಲಗಿತ್ತು, ತುಕ್ಕು ಬೇರೆ. ಕಾಂಕ್ರೀಟ್ ಸುರಿಯುವಾಗ ಮೇಸ್ತ್ರಿಯನ್ನು ಕೇಳಿದ್ದೆ. 'ತಾರಸಿ ಮೋಲ್ಡಲ್ಲೂ ಕಂಬಿ ಕೆಳಗೇ ಅಲ್ವಾ ಸಾರ್, ಬೇಕಾದ್ರೆ ಕೊಕ್ಕೆಯಲ್ಲಿ ಎತ್ತಿಕೊಳ್ತೀವಿ' ಅಂದರು. ಎತ್ತಿದ್ದೂ ನಿಜ. ಎತ್ತಿದ ಕಂಬಿಯ ಮೇಲೇ ಗಮ್‌ಬೂಟ್ ಹಾಕಿಕೊಂಡು ಓಡಾಡಿದ್ದೂ ನಿಜ.

ತಾರಸಿಯ ಲೆಕ್ಕ ಬೇರೆ. ಅಲ್ಲಿ ಕಂಬಿ ಭಾರ ಹೊರಬೇಕು. ನೆಲಕ್ಕೆ ಕೆಳಗಿನ ಮಣ್ಣೇ ಆಸರೆ. ಇಲ್ಲಿ ಕಾಂಕ್ರೀಟ್ ಒಣಗಿ ಕುಗ್ಗುವಾಗ ಮೇಲಿನಿಂದ ಬಿರಿಯುತ್ತದೆ. ಕಂಬಿ ಅದನ್ನು ತಡೆಯುವುದಿಲ್ಲ, ಬಿರುಕು ಬಾಯಿ ಬಿಡದಂತೆ ಹಿಡಿದಿಡುತ್ತದೆ, ಅಷ್ಟೇ. ಅದಕ್ಕೆ ಅದು ಮೇಲಿನಿಂದ ಒಂದೂವರೆ, ಎರಡು ಇಂಚಿನೊಳಗೆ ಇರಬೇಕು. 5 ಇಂಚು ದಪ್ಪಕ್ಕೆ, ಕಂಬಿಯ ಕೆಳಗೆ 3 ಇಂಚು ಎತ್ತರದ ಕವರ್ ಬ್ಲಾಕ್ (ಸಿಮೆಂಟಿನ ಬಿಲ್ಲೆ) ಅಥವಾ ಚೇರ್ (ಕಂಬಿ ಬಗ್ಗಿಸಿ ಮಾಡಿದ ಸ್ಟ್ಯಾಂಡ್) ಇಟ್ಟೇ ಸುರಿಸಿ. ಕೊಕ್ಕೆ ಮಾತು ನಂಬಬೇಡಿ.

ಇನ್ನೊಂದು ತಪ್ಪು ನನ್ನದೇ. ಜಾಯಿಂಟ್ (ಬಿರುಕು ಅಲ್ಲೇ ಬರಲಿ ಅಂತ ಹಾಕುವ ಗೆರೆ) ಕತ್ತರಿಸೋಕೆ ಮಷೀನ್ ಬಾಡಿಗೆ ಯಾಕೆ ಅಂತ ಬಿಟ್ಟೆ. ಇಷ್ಟು ದಪ್ಪಕ್ಕೆ 10–12 ಅಡಿಗೊಂದು ಗೆರೆ ಬೇಕಿತ್ತು, ದಪ್ಪದ ಕಾಲು ಭಾಗ ಆಳ. ಅದೂ ಕಾಂಕ್ರೀಟ್ ಸುರಿದ ದಿನವೇ, ತಪ್ಪಿದರೆ ಮಾರನೇ ದಿನ ಬೆಳಗ್ಗೆ, ಅಂಚು ಉದುರದಷ್ಟು ಗಟ್ಟಿಯಾದ ತಕ್ಷಣ. ಗೆರೆ ಬರುವ ಕಡೆ ಒಂದು ಬಿಟ್ಟು ಒಂದು ಕಂಬಿಯನ್ನು ಮೊದಲೇ ಕತ್ತರಿಸಿರಬೇಕು. ಇಲ್ಲದಿದ್ದರೆ ಕುಗ್ಗಿದ ಕಾಂಕ್ರೀಟ್ ಆ ಗೆರೆಯಲ್ಲಿ ಬಿಡದೆ ತನಗಿಷ್ಟ ಬಂದ ಕಡೆ ಸೀಳುತ್ತೆ. ತೊಟ್ಟಿ ಸುತ್ತ ಥರ್ಮಾಕೋಲ್ ಪಟ್ಟಿ ಇಟ್ಟು ಕಣದಿಂದ ಬೇರೆ ಮಾಡಿದ್ದರೆ ಆ ಓರೆ ಬಿರುಕೂ ಬಹುಶಃ ಬರುತ್ತಿರಲಿಲ್ಲ. ಕಾಂಕ್ರೀಟ್ ಕಲಸುವ ಮಿಲ್ಲರ್‌ಗೆ ಸುಮ್ನೆ ಜಾಸ್ತಿ ನೀರು ಬಿಟ್ಟಿದ್ದು, ಮೂರೇ ದಿನ ನೀರು ಹಾಕಿ ಕ್ಯೂರಿಂಗ್ ಮಾಡಿದ್ದು, ಅದರ ಪಾಲೂ ಇದೆ.

ನಡುವಿನ ಬಿರುಕನ್ನು ಮಷೀನಲ್ಲಿ ಅಗಲ ಮಾಡಿಸಿ ಸೀಲೆಂಟ್ ತುಂಬಿಸಿದ್ದೇನೆ. ತೊಟ್ಟಿ ಮೂಲೆಯದು ಹಾಗೇ ಇದೆ. ಅಮ್ಮ ಅದರ ಮೇಲೆ ಟಾರ್ಪಾಲ್ ಹಾಸಿ ರಾಗಿ ಹರವುತ್ತಾರೆ.