ಹಳೆ ಸೀರೆ: ಪರದೆಗೋ, ದಿಂಬಿಗೋ, ಗೋಡೆಗೋ?

ಮೊದಲು ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಮಡಿಕೆಯ ಗೆರೆಗಳಲ್ಲಿ ಬೆಳಕು ತೂರಿಬಂದರೆ ಅಲ್ಲಿ ಬಟ್ಟೆ ಸವೆದಿದೆ ಎಂದರ್ಥ.

ಹೊಲಿಗೆ ಕಡಿಮೆ ಪರದೆಗೇ. 5.5 ಮೀಟರ್ ಸೀರೆಯಲ್ಲಿ 7 ಅಡಿ ಬಾಗಿಲಿಗೆ ಎರಡು ಪರದೆ ಬರುತ್ತವೆ. ಮೇಲೆ ಕೆಳಗೆ ಮಡಚಿ ಹೊಲಿದರಾಯಿತು. 16 ಇಂಚಿನ ದಿಂಬಿನ ಕವರಿಗೆ 17×38 ಇಂಚಿನ ತುಂಡು ಬೇಕು. ಹಿಂಬದಿಯಲ್ಲಿ ಒಂದರ ಮೇಲೊಂದು ಬರುವಂತೆ ಮಡಚಿದರೆ ಜಿಪ್ ಬೇಡ.

ಬಾಳಿಕೆಯಲ್ಲೇ ಹಲವರು ಎಡವುವುದು. ಬಿಸಿಲು ಬೀಳುವ ಕಿಟಕಿಗೆ ಹತ್ತಿ ಸೀರೆಯೇ ಸರಿ. ರೇಷ್ಮೆಯ ಬಣ್ಣ ಮಾಸಿ, ನೂಲು ಸತ್ವ ಕಳೆದುಕೊಳ್ಳುತ್ತದೆ. ರೇಷ್ಮೆಯನ್ನು ದಿಂಬಿಗೆ ಬಳಸುವುದಾದರೆ ಒಳಗೆ ಹಳೆ ಪಂಚೆಯ ಅಸ್ತರು ಕೊಡಿ, ಇಲ್ಲದಿದ್ದರೆ ಒರಗಿದಾಗ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

ಸೆರಗು ಮಾತ್ರ ಗಟ್ಟಿಯಿದ್ದರೆ ಹಳೆ ಫೋಟೊ ಫ್ರೇಮಿಗೆ ಹಾಕಿ. ಅಂಟು ಬೇಡ, ಕಲೆ ಮೇಲೆ ಬರುತ್ತದೆ. ರಟ್ಟಿಗೆ ಸೂಜಿದಾರದಿಂದ ಹೊಲಿಯಿರಿ.