ಅಲ್ಮಾಟಿ–ಬಿಷ್ಕೆಕ್ ಬಸ್ಸು: ಐದಕ್ಕೆ ಗಾಡಿಗೆ ನಾಲ್ಕೂವರೆ, ಗೇಟಿಗೆ ಎರಡೂವರೆ

ಮಕ್ಕಳನ್ನು ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದಿಸುತ್ತಿರುವ ನಮ್ಮ ಕಡೆಯ ನಾಲ್ಕಾರು ಪಾಲಕರು ಒಂದೇ ಪ್ರಶ್ನೆ ಕೇಳಿದ್ದಾರೆ: ಪಕ್ಕದ ಕಜಾಕಸ್ತಾನದ ಅಲ್ಮಾಟಿಗೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಹೋಗಬಹುದಾ? ಹೋಗಬಹುದು. ಆದರೆ ಗಡಿಯಲ್ಲಿ ಏನೇನಾಗುತ್ತದೆ ಎಂದು ತಿಳಿದುಕೊಂಡು ಹೊರಡಬೇಕು. ನಾನು 2024ರ ಸೆಪ್ಟೆಂಬರಿನಲ್ಲಿ ಮಗಳನ್ನು ನೋಡಲು ಹೋದಾಗ ಹೋಗುತ್ತ ದೊಡ್ಡ ಬಸ್ಸು, ಬರುತ್ತ ಮಾರ್ಶ್ರುಟ್ಕಾ ಹಿಡಿದೆ. ಅಲ್ಲಿಯ ಮಿನಿಬಸ್ಸಿಗೆ ಮಾರ್ಶ್ರುಟ್ಕಾ ಅನ್ನುತ್ತಾರೆ. ವಾಯವ್ಯ ಕರ್ನಾಟಕ ಸಾರಿಗೆಯಲ್ಲಿ ಮೊದಲು ಕಂಡಕ್ಟರ್, ಆಮೇಲೆ ಸಂಚಾರ ನಿಯಂತ್ರಕ ಅಂತ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ನಾನು. ಬಸ್ಸು ಕಂಡರೆ ಮೊದಲು ಟೈರಿನ ಕಡೆ ಕಣ್ಣು ಹೋಗುತ್ತದೆ. ಆ ಕಣ್ಣಿನಿಂದಲೇ ಬರೆಯುತ್ತೇನೆ.

ಈ ದಾರಿ ಹಿಡಿಯಲು ಕಾರಣ ಸರಳ. ದೆಹಲಿಯಿಂದ ಅಲ್ಮಾಟಿಗೆ ನೇರ ವಿಮಾನವಿದೆ, ಕಜಾಕಸ್ತಾನದಲ್ಲಿ ಭಾರತೀಯರಿಗೆ 14 ದಿನ ವೀಸಾ ಬೇಕಿಲ್ಲ. ಕಿರ್ಗಿಸ್ತಾನಕ್ಕೆ ಮಾತ್ರ ಇ-ವೀಸಾ ಮಾಡಿಸಬೇಕು. ಅದರ ಪ್ರಿಂಟ್ ಎರಡು ಪ್ರತಿ ಇಟ್ಟುಕೊಳ್ಳಿ, ಮೊಬೈಲಿನಲ್ಲಿದೆ ಅಂತ ಸುಮ್ಮನಾಗಬೇಡಿ.

ಬಸ್ಸು ಹೊರಡುವುದು ಅಲ್ಮಾಟಿಯ ಸಯ್ರಾನ್ ನಿಲ್ದಾಣದಿಂದ. ಟಿಕೆಟ್ ಕೊಡುವಾಗಲೇ ಪಾಸ್‌ಪೋರ್ಟ್ ಕೇಳುತ್ತಾರೆ, ಹೆಸರು, ಸೀಟು ನಂಬರ್ ಅಚ್ಚಾಗಿ ಬರುತ್ತದೆ. ದೂರ ಸುಮಾರು 240 ಕಿಲೋಮೀಟರ್, ಹುಬ್ಬಳ್ಳಿಯಿಂದ ಹಿರಿಯೂರಿಗೆ ಹೋದಷ್ಟು. ದರ ನಮ್ಮ ಹುಬ್ಬಳ್ಳಿ–ಬೆಂಗಳೂರು ಸ್ಲೀಪರಿಗಿಂತ ಕಡಿಮೆಯೇ ಬಿತ್ತು. ಗಾಡಿ ಹಳೆಯದು, ಆದರೆ ಚೊಕ್ಕಟ. ಮುಂದಿನ ಎರಡೂ ಟೈರು ಹೊಸವು, ಹಳೆ ಟೈರಿಗೆ ಹೊಸ ರಬ್ಬರ್ ಹಚ್ಚಿದ ರೀಟ್ರೆಡ್ ಅಲ್ಲ. ಸ್ಪ್ರಿಂಗ್ ಪಾಟಾದ ಸಪ್ಪಳ ಇಲ್ಲ, ಕಿಟಕಿ ಗಾಜು ಗಡಗಡ ಅನ್ನಲಿಲ್ಲ. ಸೀಟಿನ ಬೆಲ್ಟು ಹಾಕಿಕೊಂಡಿದ್ದೇವೋ ಇಲ್ಲವೋ ಎಂದು ಚಾಲಕನೇ ಹಿಂದಿನವರೆಗೆ ನಡೆದು ಬಂದು ನೋಡಿದ, ಹಾಗೇ ತಲೆ ಎಣಿಸಿದ. ಎಂಟಕ್ಕೆ ಅಂದರೆ ಎಂಟಕ್ಕೇ ಬಿಟ್ಟ. ಇಷ್ಟಕ್ಕೇ ನನ್ನ ಮನಸ್ಸು ಅರ್ಧ ತುಂಬಿತು.

ಎಡಗಡೆ ಸೀಟು ಕೇಳಿ ತಗೊಳ್ಳಿ. ಕಾಸ್ಕೆಲೆನ್ ಎಂಬ ಊರು ದಾಟಿದ ಮೇಲೆ ಆ ಬದಿಗೆ ಹಿಮ ಹೊತ್ತ ಬೆಟ್ಟದ ಸಾಲು ಬಹಳ ಹೊತ್ತು ಜೊತೆಗೇ ಬರುತ್ತದೆ. ಬಲಗಡೆ ಒಣಹುಲ್ಲಿನ ಬಯಲು, ಅಲ್ಲಲ್ಲಿ ಕುದುರೆ ಹಿಂಡು. ಇನ್ನೂ ಮುಂದೆ ಕೊರ್ದಾಯ್ ಘಾಟಿನಲ್ಲಿ ಗಾಳಿಯಂತ್ರಗಳು ನಿಂತಿವೆ. ಕಲ್ಲಿದ್ದಲು, ಎಣ್ಣೆಯ ಮೇಲೆ ನಿಂತಿರುವ ಕಜಾಕಸ್ತಾನದ ಮೊದಲ ಪವನ ವಿದ್ಯುತ್ ಸ್ಥಾವರ ಅದು. ಚಿತ್ರದುರ್ಗದ ಗುಡ್ಡಗಳ ನೆನಪಾಯಿತು. ರಸ್ತೆ ಚೆನ್ನಾಗಿದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕು ಎರಡೂ ದೇಶಗಳಿಗೆ ಸಾಲ ಕೊಟ್ಟು, ಈ ರಸ್ತೆಯನ್ನು ಎರಡು ಕಡೆಯಿಂದಲೂ ಒಂದೇ ಯೋಜನೆಯಲ್ಲಿ ದುರಸ್ತಿ ಮಾಡಿಸಿತ್ತು. ಗಡಿಯ ಈಚೆ ಒಳ್ಳೆಯ ಡಾಂಬರು, ಆಚೆ ಗುಂಡಿ ಎಂಬುದನ್ನು ನಿಪ್ಪಾಣಿಯಿಂದ ಗೋವಾದವರೆಗೆ ಕಂಡವನಿಗೆ ಇದರ ಬೆಲೆ ಗೊತ್ತು.

ಪಕ್ಕದ ಸೀಟಿನಲ್ಲಿ ಐವತ್ತರ ಆಸುಪಾಸಿನ ಕಿರ್ಗಿಸ್ ಹೆಣ್ಣುಮಗಳು. ಕಾಲಬುಡದಲ್ಲಿ ಖಾಲಿ ಚೀಲಗಳ ಮಡಿಕೆ. ಹೊಲಿದ ಬಟ್ಟೆ ಅಲ್ಮಾಟಿಗೆ ಹಾಕಿ ವಾಪಸ್ಸು ಹೊರಟಿದ್ದಳು ಎಂದು ಸನ್ನೆಯಲ್ಲೇ ತಿಳಿಯಿತು. ಹೊಲಿಗೆ ಯಂತ್ರ ತುಳಿಯುವ ಹಾಗೆ ಕಾಲಾಡಿಸಿ ತೋರಿಸಿದಳು. ದುಂಡನೆಯ ನಾನ್ ರೊಟ್ಟಿ ಮುರಿದು ಕೊಟ್ಟಳು, ನಾನು ಶೇಂಗಾ ಹೋಳಿಗೆ ಕೊಟ್ಟೆ. ತಿಂದು "ರಖ್ಮತ್" ಅಂದಳು. ಬೆಳಿಗ್ಗೆ ಸಯ್ರಾನ್‌ನಲ್ಲಿ ಚಹಾದಂಗಡಿಯವನು "ರಖ್ಮೆತ್" ಅಂದಿದ್ದ. ಎರಡು ದೇಶದ ಧನ್ಯವಾದದ ನಡುವೆ ಒಂದು ಸ್ವರದ ಅಂತರ. ಹಾದಿಯಲ್ಲಿ ಒಂದೇ ನಿಲುಗಡೆ, ಹದಿನೈದು ನಿಮಿಷ. ಅಲ್ಲಿ ಸಿಗುವ, ಸಮೋಸದಂಥ ಸಮ್ಸಾ ಹೆಚ್ಚಾಗಿ ಮಾಂಸದ್ದೇ. ಸಸ್ಯಾಹಾರಿಗಳು ಸಜ್ಜಿರೊಟ್ಟಿ ಕಟ್ಟಿಕೊಂಡು ಹೋಗುವುದು ಮೇಲು.

ಈಗ ಗೇಟಿನ, ಅಂದರೆ ಗಡಿಠಾಣೆಯ ವಿಷಯ. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕಾಗಿ.

ಕಜಾಕ್ ಕಡೆಯ ಕೊರ್ದಾಯ್ ಠಾಣೆಯಲ್ಲಿ ಎಲ್ಲರೂ ಲಗೇಜ್ ಸಮೇತ ಇಳಿಯಬೇಕು. ಒಂದು ಚೀಲವನ್ನೂ ಬಸ್ಸಿನಲ್ಲಿ ಬಿಡಬೇಡಿ. ಕಜಾಕ್ ಕಡೆ ನಿರ್ಗಮನದ ಮುದ್ರೆ, ಆಮೇಲೆ ನಡೆದುಕೊಂಡೇ ಚೂ ನದಿಯ ಸೇತುವೆ, ಆಚೆ ಆಕ್-ಜೋಲ್‌ನಲ್ಲಿ ಕಿರ್ಗಿಸ್ ಕಡೆಯ ಪ್ರವೇಶದ ಮುದ್ರೆ. ಬಸ್ಸು ಬೇರೆ ಸಾಲಿನಲ್ಲಿ ಬಂದು ಆಚೆ ನಿಲ್ಲುತ್ತದೆ. ಆ ಎರಡೂ ದೇಶದವರು ಗುರುತಿನ ಚೀಟಿ ತೋರಿಸಿ ನಿಮಿಷದಲ್ಲಿ ದಾಟಿದರು. ಕಿರ್ಗಿಸ್ತಾನ 2015ರ ಆಗಸ್ಟ್‌ನಲ್ಲಿ ರಷ್ಯಾ, ಕಜಾಕಸ್ತಾನ ಆಗಲೇ ಇದ್ದ ಯುರೇಷಿಯನ್ ಆರ್ಥಿಕ ಒಕ್ಕೂಟ ಸೇರಿದಾಗ ಇಲ್ಲಿಯ ಕಸ್ಟಮ್ಸ್ ತಪಾಸಣೆ ತೆಗೆದುಹಾಕಿದರು. ನನ್ನ ಪಕ್ಕದ ಹೆಣ್ಣುಮಗಳ ಬಟ್ಟೆಗಂಟು ಬಿಚ್ಚದೆ ದಾಟುವುದು ಹಾಗಾಗಿ. ಆದರೂ 2017ರ ಅಕ್ಟೋಬರಿನಲ್ಲಿ ಎರಡು ಸರ್ಕಾರಗಳ ನಡುವೆ ಮಾತು ಕೆಟ್ಟಾಗ ತಪಾಸಣೆ ಬಿಗಿಯಾಗಿ, ಇದೇ ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿ ದಿನಗಟ್ಟಲೆ ನಿಂತಿದ್ದವು. ಬೆಳಗಾವಿ ಗಡಿಯ ತಕರಾರು ಎದ್ದಾಗ ಕೊಲ್ಹಾಪುರದ ಬಸ್ಸುಗಳನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿ, ಪ್ರಯಾಣಿಕರಿಗೆ ಉತ್ತರ ಕೊಡಲಾಗದೆ ಕಂಟ್ರೋಲ್ ರೂಮಿನಲ್ಲಿ ಕೂತ ರಾತ್ರಿಗಳು ನನಗೂ ಇವೆ. ಅದೂ ನಮ್ಮದು ರಾಜ್ಯಗಳ ಗಡಿ, ಸುತ್ತು ಹಾಕಿಯಾದರೂ ಕಳಿಸಬಹುದು. ಬಿಷ್ಕೆಕ್‌ನಿಂದ ಉತ್ತರಕ್ಕೆ, ರಷ್ಯಾದ ಕಡೆ ಸರಕು ಹೋಗಬೇಕೆಂದರೆ ಕಜಾಕಸ್ತಾನ ದಾಟದೆ ವಿಧಿಯಿಲ್ಲ.

ಆ ಸೇತುವೆಯ ಮೇಲೆ ಎರಡು ನಿಮಿಷ ನಿಂತೆ. ಚೂ ದೊಡ್ಡ ನದಿಯಲ್ಲ, ಸೆಪ್ಟೆಂಬರಿನಲ್ಲಿ ನೀರು ಕಡಿಮೆ. ಕಿರ್ಗಿಸ್ತಾನದ ಬೆಟ್ಟದಲ್ಲಿ ಹುಟ್ಟಿ, ಕಜಾಕಸ್ತಾನದ ಬಯಲಿಗೆ ಹರಿದು ಅಲ್ಲೇ ಇಂಗಿಹೋಗುತ್ತದೆ. ಸಮುದ್ರವಿಲ್ಲದ ದೇಶಗಳ ಈ ನದಿಯೂ ಸಮುದ್ರ ಮುಟ್ಟುವುದಿಲ್ಲ. ಊರಿಗೆ ಬಂದ ಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸೋವಿಯತ್ ಕಾಲದ ಹಂಚಿಕೆಯಲ್ಲಿ ಚೂ ನೀರಿನ ನೂರರಲ್ಲಿ 58 ಪಾಲು ಕಿರ್ಗಿಸ್ತಾನಕ್ಕೆ, 42 ಪಾಲು ಕಜಾಕಸ್ತಾನಕ್ಕೆ. ಪಕ್ಕದ ತಲಾಸ್ ನದಿ ಅರ್ಧರ್ಧ. ದೇಶ ಒಡೆದ ಮೇಲೆ ಅಣೆಕಟ್ಟು, ಕಾಲುವೆಗಳು ಮೇಲಿನವರ ನೆಲದಲ್ಲಿ ಉಳಿದವು, ಗದ್ದೆಗಳು ಕೆಳಗಿನವರ ನೆಲದಲ್ಲಿ. 2000ದ ಜನವರಿಯಲ್ಲಿ ಒಪ್ಪಂದವಾಯಿತು: ಕಿರ್ಗಿಸ್ತಾನದಲ್ಲಿರುವ ಆ ಕಟ್ಟೆಗಳ ದುರಸ್ತಿ, ನಿರ್ವಹಣೆಯ ಖರ್ಚಿನಲ್ಲಿ ಕಜಾಕಸ್ತಾನ ತಾನು ಪಡೆಯುವ ನೀರಿನ ಪಾಲಿಗೆ ತಕ್ಕಷ್ಟು ಕೊಡಬೇಕು. 2006ರಿಂದ ಎರಡೂ ದೇಶದವರು ಕೂಡುವ ಆಯೋಗ ಇದನ್ನು ನೋಡಿಕೊಳ್ಳುತ್ತಿದೆ.

ಇದನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಮಹದಾಯಿ ಗಲಾಟೆಯ ದಿನಗಳಲ್ಲಿ ನರಗುಂದ, ನವಲಗುಂದದ ಬಸ್ಸು ರದ್ದು ಅಂತ ಬೋರ್ಡಿನಲ್ಲಿ ಬರೆದ ಕೈ ಇದು. ನನ್ನ ಅತ್ತೆಯ ಮನೆ ನವಲಗುಂದ ತಾಲ್ಲೂಕಿನಲ್ಲೇ ಇದೆ. ಕೆಳಗಿನವನು ಮೇಲಿನವನ ಕಟ್ಟೆಗೆ ಸಿಮೆಂಟಿನ ದುಡ್ಡು ಕೊಡುವುದು ಅಂದರೆ ಎಷ್ಟು ದೊಡ್ಡ ಮಾತು ಎಂದು ಆ ಊರಿನವರಿಗೆ ಹೇಳಿದರೆ ಅರ್ಥವಾಗುತ್ತದೆ.

ಸೇತುವೆ ದಾಟಿದ ಮೇಲೆ ನನ್ನ ಕಷ್ಟ ಶುರುವಾಯಿತು. ಕೌಂಟರಿನವರು ನನ್ನ ಪಾಸ್‌ಪೋರ್ಟ್ ತಿರುವಿ ನೋಡಿ, ಇನ್ನೊಬ್ಬರನ್ನು ಕರೆದರು, ಅವರು ಒಳಗೆ ಒಯ್ದರು. ಯಾರೂ ಒರಟಾಗಿ ಮಾತಾಡಲಿಲ್ಲ, ಆದರೆ ಏನಾಗುತ್ತಿದೆ ಎಂದು ಯಾರೂ ಹೇಳಲೂ ಇಲ್ಲ. ನಲವತ್ತು ನಿಮಿಷ. ಬಸ್ಸಿನವರೆಲ್ಲ ದಾಟಿ ಹೋಗಿದ್ದರು. ಮುದ್ರೆ ಬಿದ್ದು ಹೊರಗೆ ಓಡಿಬಂದರೆ ಕಂಬಿಯ ಪಕ್ಕ ನಮ್ಮ ಚಾಲಕ ನಿಂತಿದ್ದಾನೆ. ಕೈಯಲ್ಲಿ ಪ್ರಯಾಣಿಕರ ಪಟ್ಟಿ. ಎಲ್ಲರ ಹೆಸರಿನ ಮುಂದೆ ನೀಲಿ ಪೆನ್ನಿನ ಗೆರೆ, ನನ್ನದೊಂದು ಬಾಕಿ. ನನ್ನ ಕಣ್ಣೆದುರೇ ಗೆರೆ ಎಳೆದು, ಚೀಲ ಕೈಯಿಂದ ಇಸಕೊಂಡು ನಡೆದ. ಬಸ್ಸಿನೊಳಗೆ ಒಬ್ಬರೂ ಮುಖ ಸಿಂಡರಿಸಲಿಲ್ಲ. ಆ ಹೆಣ್ಣುಮಗಳು ನನ್ನ ಸೀಟಿನ ಮೇಲೆ ತನ್ನ ಚೀಲ ಇಟ್ಟು ಕಾಯ್ದಿದ್ದಳು.

ಬಿಷ್ಕೆಕ್‌ನ ಪಶ್ಚಿಮ ಬಸ್ ನಿಲ್ದಾಣ ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಒಂದೂಕಾಲು, ನಿಲ್ದಾಣದ ಗಡಿಯಾರದಲ್ಲಿ ಎರಡೂಕಾಲು. ಮಗಳು ಕಾದು ಸುಸ್ತಾಗಿದ್ದಳು. "ಅಪ್ಪಾ, ಇಲ್ಲಿ ಒಂದ್ ತಾಸ್ ಮುಂದ ಐತ್ರಿ, ಹೇಳಿದ್ನೆಲ್ರಿ!" ಅಂದಳು. 2024ರ ಮಾರ್ಚ್ 1ರವರೆಗೆ ಎರಡೂ ಊರಿಗೆ ಒಂದೇ ಹೊತ್ತು. ಆ ದಿನ ಕಜಾಕಸ್ತಾನ ಇಡೀ ದೇಶಕ್ಕೆ ಒಂದೇ ಸಮಯ ಮಾಡಿಕೊಂಡು ಅಲ್ಮಾಟಿಯನ್ನು ಒಂದು ತಾಸು ಹಿಂದೆ ಸರಿಸಿತು. ದೇಶದೊಳಗಿನ ಅನುಕೂಲಕ್ಕೆ ಮಾಡಿದ್ದಿರಬಹುದು, ಆದರೆ ಈ ಜೋಡಿ ಊರುಗಳನ್ನು ಒಂದೇ ಆರ್ಥಿಕ ಕಾರಿಡಾರ್ ಆಗಿ ಬೆಳೆಸುತ್ತೇವೆ ಎಂದು 2014ರಲ್ಲಿ ಎರಡೂ ಕಡೆಯ ಮೇಯರ್‌ಗಳು ಸಹಿ ಹಾಕಿದ್ದರು. ವೇಳಾಪಟ್ಟಿ ಬರೆದು ಬದುಕಿದವನಾಗಿ ಹೇಳುತ್ತೇನೆ, ಕನಿಷ್ಠ ಟಿಕೆಟ್ಟಿನ ಮೇಲೆ ಎರಡೂ ಊರಿನ ಸಮಯ ಅಚ್ಚು ಹಾಕಬೇಕು.

ಬಿಷ್ಕೆಕ್‌ನಲ್ಲಿ ಮಗಳು ದೊರ್ದೊಯ್ ಬಜಾರಿಗೆ ಕರೆದೊಯ್ದಳು. ಅಂಗಡಿಗಳೆಲ್ಲ ಹಡಗಿನ ಕಂಟೇನರುಗಳು, ಒಂದರ ಮೇಲೊಂದು ಎರಡಂತಸ್ತು, ಕೆಳಗಿನದು ಅಂಗಡಿ, ಮೇಲಿನದು ಗೋದಾಮು. ಕಣ್ಣು ಹಾಯುವಷ್ಟು ದೂರ ಅದೇ. ಸಮುದ್ರ ಕಾಣದ ನಾಡಿನಲ್ಲಿ ಇಷ್ಟು ಕಂಟೇನರು ನೋಡಿ, ನಮ್ಮ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಹೋಗುತ್ತಿದ್ದ ಕಾರಣಕ್ಕೆ "ಕುಮಟಾ ಹತ್ತಿ" ಎಂದೇ ಹೆಸರಾದದ್ದು ನೆನಪಾಯಿತು. ಬೆಳೆದವನ ಹೆಸರು ಹೋಗಿ ದಾರಿ ಕೊಟ್ಟವನ ಹೆಸರು ಉಳಿಯುತ್ತದೆ. ಕಡಲಿಲ್ಲದ ಅಭಿವೃದ್ಧಿಶೀಲ ದೇಶಗಳ ಕಷ್ಟಕ್ಕಾಗಿ ವಿಶ್ವಸಂಸ್ಥೆಯ ಮೊದಲ ಸಮ್ಮೇಳನ ನಡೆದದ್ದೂ ನಾನು ಬಸ್ಸು ಹತ್ತಿದ ಅಲ್ಮಾಟಿಯಲ್ಲೇ, 2003ರಲ್ಲಿ.

ಚಳಿಗಾಲದ ಕರೆಂಟಿನ ಚಿಂತೆ ಪಾಲಕರಿಗೆ ಇದ್ದೇ ಇದೆ. ಕಿರ್ಗಿಸ್ತಾನದ ವಿದ್ಯುತ್ ಬಹುಪಾಲು ನೀರಿನದು, ಚಳಿಗೆ ಬೇಡಿಕೆ ಏರಿದಾಗ ನೆರೆಯವರಿಂದ ತರಿಸುತ್ತಾರೆ. 2022ರ ಜನವರಿ 25ರಂದು ಕಜಾಕಸ್ತಾನ, ಕಿರ್ಗಿಸ್ತಾನ, ಉಜ್ಬೇಕಿಸ್ತಾನ ಮೂರರಲ್ಲೂ ಒಟ್ಟಿಗೇ ದೀಪ ಹೋಗಿತ್ತು. ತಂತಿ ಅಷ್ಟು ಬೆಸೆದುಕೊಂಡಿದೆ. ಈಗ ಮೂರೂ ಸೇರಿ ಕಿರ್ಗಿಸ್ತಾನದ ನರಿನ್ ನದಿಗೆ 1,860 ಮೆಗಾವಾಟಿನ ಕಂಬರ್-ಅತಾ-1 ಜಲವಿದ್ಯುತ್ ಸ್ಥಾವರ ಕಟ್ಟಲು ಹೊರಟಿವೆ. ಅದು ಮುಗಿಯುವಷ್ಟರಲ್ಲಿ ನಮ್ಮ ಮಕ್ಕಳ ಓದು ಮುಗಿದಿರುತ್ತದೆ, ಸದ್ಯಕ್ಕೆ ದಪ್ಪ ಹಚ್ಚಡ ಕಳಿಸಿ.

ಬರುವಾಗಿನ ಮಾರ್ಶ್ರುಟ್ಕಾ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬೇಗ ಹೊರಡುತ್ತದೆ, ವೇಗವಾಗಿ ಹೋಗುತ್ತದೆ. ಪಟ್ಟಿ ಇಲ್ಲ, ಸೀಟು ನಂಬರಿಲ್ಲ. ಗೇಟಿನಲ್ಲಿ ನನಗೆ ಮತ್ತೆ ಅರ್ಧ ತಾಸು ಹಿಡಿಯಿತು. ಹೊರಬಂದರೆ ಗಾಡಿ ಇರಲಿಲ್ಲ. ಕೊಟ್ಟ ದುಡ್ಡು ಹೋಯಿತು, ಇನ್ನೊಂದು ಗಾಡಿಗೆ ಮತ್ತೆ ಕೊಟ್ಟು ಅಲ್ಮಾಟಿ ಸೇರಿದೆ. ಚೀಲ ನನ್ನ ಹತ್ತಿರವೇ ಇದ್ದದ್ದು ಪುಣ್ಯ. ಆ ಗಾಡಿಯವನ ಮೇಲೆ ನನಗಿರುವ ಬೇಸರ ದುಡ್ಡಿನದ್ದಲ್ಲ. ಒಬ್ಬ ಕಡಿಮೆ ಇದ್ದಾನೆ ಎಂದು ಗೊತ್ತಿದ್ದೂ ಗೇರ್ ಹಾಕಿದ್ದಾನಲ್ಲ, ಅದು. ನನ್ನ ಸರ್ವೀಸಿನಲ್ಲಿ ಅದಕ್ಕೆ ಮೆಮೊ ಕೊಡುತ್ತಿದ್ದೆವು.

ದೊಡ್ಡ ಬಸ್ಸಿಗೆ ಐದಕ್ಕೆ ನಾಲ್ಕೂವರೆ. ಗೇಟಿಗೆ ಎರಡೂವರೆ: ಮೂರನೆಯ ದೇಶದವರಿಗೆ ಒಂದು ಪ್ರತ್ಯೇಕ ಕೌಂಟರ್, ಇಂಗ್ಲಿಷಿನಲ್ಲಿ ಒಂದು ಫಲಕ ಇಟ್ಟರೆ ನಾಲ್ಕು ಕೊಡಬಹುದು. ಮಾರ್ಶ್ರುಟ್ಕಾಕ್ಕೆ ಒಂದೂವರೆ. ಇಳಿಯುವ ಮುಂಚೆ ಯಾವ ಗಾಡಿಯದಾದರೂ ನಂಬರ್ ಪ್ಲೇಟಿನ ಫೋಟೋ ತೆಗೆದುಕೊಳ್ಳಿ, ಚಾಲಕನಿಗೆ ನಿಮ್ಮ ಪಾಸ್‌ಪೋರ್ಟ್ ತೋರಿಸಿ ತಡವಾಗುತ್ತದೆ ಎಂದು ಸನ್ನೆ ಮಾಡಿ. ಮಗಳು ಜನವರಿ ರಜೆಗೆ ಬರುವಾಗ ದೊಡ್ಡ ಬಸ್ಸಿಗೇ ಟಿಕೆಟ್ ಮಾಡಿಸಿದ್ದೇನೆ, ಎಡಬಲ ನೋಡಿ, ಬೆಟ್ಟ ಕಾಣುವ ಕಡೆಗೆ.