ಪುಟ್ಟ ಮಿಗ್-21ರ ಬೆಳ್ಳಿಮೈಗೆ ಮನೆಯಲ್ಲೇ ಬೆರೆಸಿದ ಬಣ್ಣ: ಒಂದು ಹೋಲಿಕೆ

1960ರ ದಶಕದಲ್ಲಿ ಭಾರತೀಯ ವಾಯುಪಡೆಯ ಮಿಗ್-21 ವಿಮಾನಗಳು ಮರೆಬಣ್ಣವಿಲ್ಲದೆ ಬೆಳ್ಳಿಮೈಯಲ್ಲಿಯೇ ಹಾರುತ್ತಿದ್ದವು. ಆ ಮೈಯನ್ನು 1:72 ಅಳತೆಯ (ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲಿನ) ಪ್ಲಾಸ್ಟಿಕ್ ಮಾದರಿಯ ಮೇಲೆ ತರಲು ನಾನು ಬಳಸಿ ನೋಡಿದವುಗಳಲ್ಲಿ, ಕಾರಿಗೆ ಬಣ್ಣ ಬೆರೆಸಿಕೊಡುವ ಅಂಗಡಿಯ ನುಣುಪಾದ ಸಿಲ್ವರ್ ಪೇಸ್ಟನ್ನು (ಅಲ್ಯೂಮಿನಿಯಂ ಚಕ್ಕೆಗಳ ಪೇಸ್ಟ್) ಎನ್‌ಸಿ ಕ್ಲಿಯರ್ ಲ್ಯಾಕರಿನಲ್ಲಿ, ಅಂದರೆ ನೈಟ್ರೋಸೆಲ್ಯುಲೋಸಿನ ಬಣ್ಣವಿಲ್ಲದ ಮೆರುಗೆಣ್ಣೆಯಲ್ಲಿ, ಕಲಸಿ ಮಾಡಿದ ಬಣ್ಣವೇ ನನಗೆ ಎಲ್ಲಕ್ಕಿಂತ ಹಿಡಿಸಿದೆ. ಅದಕ್ಕೆ ಪೈಪೋಟಿ ಕೊಟ್ಟವು ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಪೇಂಟ್, ಅಕ್ರಿಲಿಕ್ ಮಾಧ್ಯಮದಲ್ಲಿ ಕಲಸಿದ ಮೈಕಾ ಪುಡಿ ಮತ್ತು ಹೊರದೇಶದಿಂದ ಬರುವ ಸಿದ್ಧ ಲೋಹಬಣ್ಣದ ಬಾಟಲಿ.

ಮೈಕಾ ಪುಡಿಯ ವಿಷಯ ಬೇಗ ಮುಗಿಯುತ್ತದೆ. ರೆಸಿನ್ ಕಲೆಯ ಸಾಮಾನು ಮಾರುವಲ್ಲಿ ಸಿಗುತ್ತದೆ, ವಾಸನೆಯಿಲ್ಲ, ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷನ್ನು ನೀರಿನಲ್ಲಿಯೇ ತೊಳೆಯಬಹುದು. ಆದರೆ 50 ಮೈಕ್ರಾನಿನ ಒಂದು ಚೂರು ಈ ಅಳತೆಯಲ್ಲಿ ನಿಜವಾದ ವಿಮಾನದ ಮೇಲಿನ 3.6 ಮಿಲಿಮೀಟರಿನ ಚಕ್ಕೆಗೆ ಸಮ. ರೆಕ್ಕೆಯ ಹರವು ಸುಮಾರು 10 ಸೆಂಟಿಮೀಟರ್ ಇರುವ ಮಾದರಿಯ ಮೇಲೆ ಅದು ಲೋಹವಾಗಿ ಕಾಣದೆ ಮದುವೆ ಮಂಟಪದ ಮಿನುಗಾಗಿ ಕಾಣುತ್ತದೆ.

ಹಾರ್ಡ್‌ವೇರ್ ಅಂಗಡಿಯ ಅಲ್ಯೂಮಿನಿಯಂ ಪೇಂಟ್, ಅಂದರೆ ಗೇಟು ಮತ್ತು ಗ್ರಿಲ್ಲುಗಳಿಗೆ ಬಳಿಯುವ ಬಣ್ಣ, ಒಣಗಿದ ದಿನ ಮಿಕ್ಕ ಮೂರನ್ನೂ ಮಂಕಾಗಿಸುವಷ್ಟು ಹೊಳೆಯಿತು. ಕಿರಿಕಿರಿಯೆಲ್ಲ ಶುರುವಾದದ್ದು ಆ ಮೇಲೆ. ಈ ಬಗೆಯ ಬಣ್ಣದಲ್ಲಿರುವುದು ಸಾಮಾನ್ಯವಾಗಿ ‘ಲೀಫಿಂಗ್’ ಪೇಸ್ಟ್. ಅದರ ಚಕ್ಕೆಗಳಿಗೆ ಸ್ಟಿಯರಿಕ್ ಆಮ್ಲದ ಲೇಪವಿರುವುದರಿಂದ ಅವು ಹಸಿ ಬಣ್ಣದ ಮೇಲ್ಮೈಗೆ ತೇಲಿ ಬಂದು ಒಂದರ ಪಕ್ಕ ಒಂದು ಚಪ್ಪಟೆಯಾಗಿ ಮಲಗುತ್ತವೆ. ಆ ಹೊಳಪಿಗೆ ಕಾರಣ ಇದೇ, ತೊಂದರೆಗೂ ಇದೇ ಕಾರಣ, ಏಕೆಂದರೆ ಚಕ್ಕೆಗಳನ್ನು ಹಿಡಿದಿಡಬೇಕಾದ ರಾಳ ಅವುಗಳ ಕೆಳಗೆ ಉಳಿದುಬಿಡುತ್ತದೆ.

ಪರಿಣಾಮವಾಗಿ, ಮಾದರಿಯನ್ನು ಕೈಯಲ್ಲಿ ಹಿಡಿದಾಗಲೆಲ್ಲ ಹೆಬ್ಬೆರಳು ಬೆಳ್ಳಿಯಾಗುತ್ತದೆ. ಮಿಗ್‌ನ ಮೂಗಿನ ಶಂಕುವಿಗೂ ಬಾಲರೆಕ್ಕೆಯ ತುದಿಗೂ ಹಸಿರು ಬಣ್ಣ ಬೇಕಾದ್ದರಿಂದ, ಅದು ಬೆಳ್ಳಿಯ ಮೇಲೆ ಹರಡದಂತೆ ಮಾಸ್ಕಿಂಗ್ ಟೇಪ್ ಹಚ್ಚದೆ ವಿಧಿಯಿಲ್ಲ. ಟೇಪ್ ಕಿತ್ತರೆ ಅದರ ಅಂಟಿನ ಬದಿಯಲ್ಲಿ ಒಂದು ಪದರ ಬೆಳ್ಳಿ, ವಿಮಾನದ ಮೇಲೆ ಅಷ್ಟೇ ಅಗಲದ ಬೂದು ಪಟ್ಟಿ. ಸರಿ, ಮೇಲೆ ಕ್ಲಿಯರ್ ಹೊಡೆದು ಭದ್ರಪಡಿಸೋಣವೆಂದರೆ ಆ ಹಸಿ ಪದರದಲ್ಲಿ ಚಕ್ಕೆಗಳು ಮತ್ತೆ ಕದಡಿ, ಯಾವ ಹೊಳಪಿಗಾಗಿ ಇದನ್ನು ಕೊಂಡೆವೋ ಆ ಹೊಳಪೇ ಸೀಸದ ಬಣ್ಣಕ್ಕಿಳಿಯುತ್ತದೆ. ಕ್ಲಿಯರ್ ಇಲ್ಲದೆ ಮುಟ್ಟುವಂತಿಲ್ಲ, ಕ್ಲಿಯರ್ ಹೊಡೆದರೆ ನೋಡುವಂತಿಲ್ಲ. ಗ್ರಿಲ್ಲಿಗೆ ಟೇಪ್ ಹಚ್ಚುವವರು ಯಾರೂ ಇಲ್ಲವಾದ್ದರಿಂದ ಅಂಗಡಿಯವರನ್ನು ದೂರುವುದೂ ತರವಲ್ಲ.

ಕಾರು ಬಣ್ಣದ ಪೇಸ್ಟ್ ‘ನಾನ್-ಲೀಫಿಂಗ್’ ಜಾತಿಯದು. ಚಕ್ಕೆಗಳು ರಾಳದೊಳಗೆಲ್ಲ ಹರಡಿ ಅಲ್ಲಿಯೇ ಬಂಧಿತವಾಗುತ್ತವೆ. ಹೊಳಪು ಒಂದು ಮೆಟ್ಟಿಲು ಕಡಿಮೆ, ನಿಜ, ಆದರೆ ದುಡಿದ ಯುದ್ಧವಿಮಾನದ ಮೈ ಕನ್ನಡಿಯಂತಿರಲಿಲ್ಲವಾದ್ದರಿಂದ ಅದು ಕೊರತೆಯೆನಿಸುವುದಿಲ್ಲ. ಅಂಗಡಿಯಲ್ಲಿ ‘ಫೈನ್ ಸಿಲ್ವರ್’ ಎಂದು ಒತ್ತಿ ಕೇಳಬೇಕು, ಇಲ್ಲವಾದರೆ ಮಿನುಗಿನ ದಪ್ಪ ಚಕ್ಕೆ ಕೊಟ್ಟುಬಿಡುತ್ತಾರೆ. ಒಂದು ಪಾಲು ಪೇಸ್ಟ್, ಎರಡು ಪಾಲು ಕ್ಲಿಯರ್, ಹಾಲಿನಷ್ಟು ತೆಳುವಾಗುವವರೆಗೆ ಥಿನ್ನರ್. ಇದನ್ನು ಪ್ರೈಮರಿನ ಮೇಲಿನ ಹೊಳಪು ಕಪ್ಪಿನ ತಳಕ್ಕೆ ಸುಮಾರು 15 ಪಿಎಸ್‌ಐ ಒತ್ತಡದಲ್ಲಿ ತೆಳುವಾಗಿ ಹಲವು ಸಲ ಸಿಂಪಡಿಸುತ್ತೇನೆ. ಪ್ರೈಮರ್ ಬಿಟ್ಟರೆ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಲ್ಯಾಕರ್ ತೇವ ಹಿಡಿದು ಬಿಳಿಚಿಕೊಳ್ಳುವುದುಂಟು. ಆಗ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಸ್ವಲ್ಪ ಸೇರಿಸಬೇಕು.

ಸಿದ್ಧ ಬಾಟಲಿಯ ನುಣುಪಿಗೆ ನನ್ನ ಮಿಶ್ರಣ ಸಾಟಿಯಲ್ಲ. ಆದರೆ ಎಂಜಿನಿನ ಬಿಸಿಗೆ ಕಂದಿದ ಹಿಂಭಾಗಕ್ಕೊಂದು, ಮಂಕು ಫಲಕಗಳಿಗೊಂದು ಎಂದು ಬೇರೆ ಬೇರೆ ಬಾಟಲಿ ಕೊಳ್ಳಬೇಕಾಗುತ್ತದೆ. ನಾನಾದರೋ ಅದೇ ಬಟ್ಟಲಿಗೆ ಒಂದು ಹನಿ ಕಪ್ಪನ್ನೋ ಕಂದು ಬಣ್ಣವನ್ನೋ ಬಿಟ್ಟು ಬೇಕಾದ ಛಾಯೆ ಮಾಡಿಕೊಳ್ಳುತ್ತೇನೆ. ಒಂದರ ಹಿಂದೊಂದು ಬೆಳ್ಳಿಯ ವಿಮಾನಗಳನ್ನೇ ಮಾಡುವ, ಬಾಟಲಿಗೆ ತೆರಲು ಮನಸ್ಸೊಪ್ಪದ ನನ್ನಂಥವರಿಗೆ ಪೇಸ್ಟೇ ಸರಿ. ವರ್ಷಕ್ಕೊಂದು ಮಾದರಿ ಮುಗಿಸುವವರು ಬಾಟಲಿಯನ್ನೇ ಕೊಳ್ಳಲಿ. ಎರಡರಲ್ಲಿ ಯಾವುದನ್ನು ಸಿಂಪಡಿಸುವುದಾದರೂ ಕಿಟಕಿ ತೆರೆದಿರಬೇಕು, ಹತ್ತಿರದಲ್ಲೆಲ್ಲೂ ಬೆಂಕಿ ಇರಬಾರದು, ಮತ್ತು ಬಟ್ಟೆಯ ಮಾಸ್ಕ್ ಸಾಲದು, ದ್ರಾವಕದ ಆವಿಯನ್ನು ತಡೆಯುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು.